ಹೊಗೆ ಕೆರೆದ ಫೋಟೋ

ಮೊನ್ನೆ ಮೊಮ್ಮಗಳು ಶಾಲೆಯ ಪುಸ್ತಕದಲ್ಲಿ ತಪ್ಪಾಗಿ ಬರೆದ ಅಕ್ಷರವನ್ನು ಅರ್ಧ ಬ್ಲೇಡಿನಿಂದ ಕೆರೆಯುತ್ತಿದ್ದಳು. ಆ ಕರಕರ ಸದ್ದು ಕಿವಿಗೆ ಬಿದ್ದದ್ದೇ ಘಾಟ್ಕೋಪರಿನ, ಒಂದೇ ಕೋಣೆಯ ಮನೆಗಳ ಸಾಲಿನ ನಮ್ಮ ಚಾಳು, ಪಕ್ಕದ ಖೋಲಿಯಲ್ಲಿದ್ದ ಕಾಕಾ ನೆನಪಾದರು...

ಐವತ್ತರ ದಶಕದ ಮಾತು. ಕಾಕಾ ಧಾರವಾಡದ ಕಡೆಯವರು, ಒಂಟಿ ಮನುಷ್ಯ. ಫೋಟೋ ಸ್ಟುಡಿಯೋ ಒಂದರಲ್ಲಿ ನೆಗೆಟಿವ್ ತಿದ್ದುವ ಕೆಲಸ. ಜನರ ಮುಖದ ಮೊಡವೆ, ಸುಕ್ಕುಗಳನ್ನು ಪೆನ್ಸಿಲು, ಬ್ಲೇಡು ಹಿಡಿದು ಮಾಯ ಮಾಡುತ್ತಿದ್ದರು. ಗಿರಾಕಿಗಳು ಒಯ್ಯದೆ ಬಿಟ್ಟ ಪ್ರಿಂಟುಗಳನ್ನು ಭಾನುವಾರ ಬೆಳಿಗ್ಗೆ ಖೋಲಿಗಳ ಮುಂದಿನ ಉದ್ದ ಜಗಲಿಗೆ, ಚಾಳಿನ ಗ್ಯಾಲರಿಗೆ, ತರುತ್ತಿದ್ದರು. ಚಹಾ ಕುಡಿಯುತ್ತ ನಾವು ತೀರ್ಪು ಕೊಡುತ್ತಿದ್ದೆವು. ನಮ್ಮ ಚಾಳಿನವರೇ ಆದ ಉಡುಪಿ ಹೋಟೆಲಿನ ಮ್ಯಾನೇಜರರದು ಒಂದೇ ಹಟ, ಫೋಟೋದಲ್ಲಿ ಕಾಲು ಕಾಣಬೇಕು. "ಕಾಲೇ ಇಲ್ಲದಿದ್ರೆ ಮನುಷ್ಯ ನಿಂತದ್ದು ಎಂತದರ ಮೇಲೆ ಮಾರಾಯ್ರೆ?" ನಾನೋ, ವಿಕ್ರೋಳಿಯ ಕಾರ್ಖಾನೆಯ ಗುಮಾಸ್ತ. ಲೈಬ್ರರಿಯಿಂದ ಫೋಟೋಗ್ರಫಿಯ ಪುಸ್ತಕ ತಂದು, ಅರ್ಧ ಓದಿ, ಪಂಡಿತನಾಗಿದ್ದೆ. ನೆರಳು, ಬೆಳಕು ಎಂದು ಕೊರೆದು ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದೆ. ಕಾಲಿಗೆ ಎರಡು ಅಂಕ ಸೇರಿಸಿ ಎಂದು ಮ್ಯಾನೇಜರರು ಜಗಳಕ್ಕೆ ಬರುತ್ತಿದ್ದರು. ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತಿತ್ತು.

ಒಂದು ಭಾನುವಾರ ಕಾಕಾ ಒಂದು ಹಳೆಯ ಫೋಟೋ ತಂದರು. ಒಲೆಯ ಮುಂದೆ ಕೂತ ಹೆಂಗಸು, ಯಾರೋ ಕರೆದಂತೆ ಹಿಂತಿರುಗಿ ನೋಡುತ್ತಿದ್ದಳು. ಅರ್ಧ ಮುಖಕ್ಕೆ ಹೊಗೆ ಕವಿದಿತ್ತು. ಅದು ತೀರಿಹೋದ ಅವರ ಹೆಂಡತಿಯ ಒಂದೇ ಒಂದು ಫೋಟೋ ಎಂದು ನಮಗೆ ಯಾರು ಹೇಳಬೇಕು? ಕಾಕಾ ಹೇಳಲಿಲ್ಲ.

"ಸೀದು ಹೋದ ಅಡುಗೆ ಬಿಟ್ರೆ ಎಂತದೂ ಕಾಣುದಿಲ್ಲ" ಎಂದರು ಮ್ಯಾನೇಜರರು. ನಾನು ಮೂರು ಅಂಕ ಕೊಟ್ಟೆ. ಹೊಗೆ ಹೋಗಬೇಕು, ಮುಖ ಸ್ಪಷ್ಟವಾಗಬೇಕು ಎಂದೆ.

"ಖರೇನ ಹಂಗ ಅನಸ್ತದೇನು?" ಎಂದು ಕಾಕಾ ಎರಡು ಸಲ ಕೇಳಿದರು. "ನೀವು ಓದಿದವ್ರು."

ಮುಂದಿನ ಭಾನುವಾರ, ಅದರ ನೆಗೆಟಿವನ್ನು ತಿದ್ದಿ ತೆಗೆದ ಹೊಸ ಪ್ರಿಂಟು ಬಂತು. ಹೊಗೆಯ ಸುಳಿವಿರಲಿಲ್ಲ, ಕೆನ್ನೆ ನುಣ್ಣಗಿತ್ತು. ಒಂಬತ್ತು ಅಂಕ ಕೊಟ್ಟು ಚಪ್ಪಾಳೆ ತಟ್ಟಿದೆ. ಕಾಕಾ ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು.

"ಇದರಾಗ ನನ್ನ ಹೇಂತಿ ಇದ್ಲು. ಮೊದ್ಲ ಹೇಳಿದ್ರ ನೀವು ಖರೇ ಮಾತು ಆಡ್ತಿದ್ದಿಲ್ಲ ಅಂತ ಸುಮ್ಮನಿದ್ದೆ. ದೊಡ್ಡದು ಮಾಡಿಸಿ ಗ್ವಾಡಿ ಮ್ಯಾಲೆ ತೂಗ ಹಾಕಬೇಕಂತಿದ್ದೆ... ಈಗ ಈಕಿ ಯಾರೋ ಏನೋ."

ಹಳೆಯ ಪ್ರಿಂಟು ಇದೆಯಲ್ಲ ಎಂದು ತೊದಲಿದೆ. ತಿದ್ದಿದ್ದು ಬಂದೊಡನೆ ಹಳೆಯದನ್ನು ಹರಿಯುವುದು ಸ್ಟುಡಿಯೋದ ರೂಢಿ. ಆ ಕೈರೂಢಿಯಲ್ಲೇ ಕಾಕಾ ಅದನ್ನೂ ಹರಿದು ಹಾಕಿದ್ದರು. ಬ್ಲೇಡಿನಿಂದ ಕೆರೆದ ನೆಗೆಟಿವ್ ಮತ್ತೆ ಮೊದಲಿನಂತಾಗುವುದಿಲ್ಲ.

ಆಮೇಲೆ ಅವರು ಗ್ಯಾಲರಿಗೆ ಬರಲಿಲ್ಲ. ವರ್ಷದೊಳಗೆ ಖೋಲಿ ಬಿಟ್ಟು ಎಲ್ಲಿಗೋ ಹೋದರು. ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ಸುಡಲಿ ನನ್ನ ಪಾಂಡಿತ್ಯ.

"ಅಜ್ಜಾ, ಅಬ್ ಠೀಕ್ ಆಯ್ತಾ?" ಮೊಮ್ಮಗಳು ಪುಸ್ತಕ ತೋರಿಸಿದಳು. ಅಕ್ಷರವಿದ್ದಲ್ಲಿ ತೂತು ಬಿದ್ದಿತ್ತು. ನಾನು ಬ್ಲೇಡು ಇಸಿದುಕೊಂಡೆ.

ಆ ಮೊದಲ ಫೋಟೋ ನೋಡಿದವರಲ್ಲಿ ಈಗ ಉಳಿದವನು ನಾನೊಬ್ಬನೇ ಇರಬೇಕು. ಆ ತಾಯಿಯ ಮುಖ ಎಷ್ಟು ನೆನೆದರೂ ಬರುವುದಿಲ್ಲ... ಹೊಗೆ ಮಾತ್ರ ಬರುತ್ತದೆ. ಅಂದು ನಾನು ನೋಡಿದ್ದು ಅದೊಂದನ್ನೇ.