ಕಾಲಕ್ಕನ ಎರಡನೇ ಅರ್ಜಿ

ಆಸ್ಪತ್ರೆಯ ಹಿಂಬದಿಯ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷ ಕೃತಕ ಕಾಲು ಮಾಡಿದವಳನ್ನು ಜನ ಇನ್ನೇನೆಂದು ಕರೆದಾರು? ಕಾಲಕ್ಕ ಎಂದೇ ಕರೆದರು. ಡಾಕ್ಟರುಗಳ ಬಾಯಲ್ಲೂ ಅದೇ. ಹಾಜರಿ ಪುಸ್ತಕದಲ್ಲಿದ್ದ ಹೆಸರನ್ನು ಯಾರಾದರೂ ಕೂಗಿದರೆ ಅವಳೇ ಒಂದು ಕ್ಷಣ ಅತ್ತಿತ್ತ ನೋಡುತ್ತಿದ್ದಳು.

ಅವಳಿಗೊಂದು ಹುಚ್ಚಿತ್ತು. ಯುದ್ಧ ಮುಗಿದರೂ ನೆಲದೊಳಗಿನ ಬಾಂಬು ಮುಗಿಯದ ದೇಶಗಳಿಗೆ, ಕೆಲಸ ಬಲ್ಲವರನ್ನು ಎರಡು ವರ್ಷದ ಮಟ್ಟಿಗೆ ಸ್ವಯಂಸೇವಕರಾಗಿ ಕಳಿಸುವ ಸಂಸ್ಥೆಯೊಂದಿತ್ತು. ಮೂವತ್ತಾರನೇ ವಯಸ್ಸಿನಲ್ಲಿ ಅರ್ಜಿ ಹಾಕಿ ಆಯ್ಕೆಯೂ ಆಗಿದ್ದಳು. ಹೊರಡಲು ಇನ್ನು ಹದಿನೈದೇ ದಿನ ಅನ್ನುವಾಗ ಅಮ್ಮನಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತು ನಿಂತಿತು. ತಂಗಿಯ ಮಡಿಲಲ್ಲಿ ಆಗ ಕೈಗೂಸು. ಕಾಲಕ್ಕ ಪೆಟ್ಟಿಗೆ ಬಿಚ್ಚಿ ಬಟ್ಟೆಗಳನ್ನು ವಾಪಸು ಬೀರುವಿನಲ್ಲಿಟ್ಟಳು. ಮದುವೆಯ ಮಾತನ್ನೂ ಅದೇ ಬೀರುವಿನಲ್ಲಿ ಇಟ್ಟಳೆನ್ನಬೇಕು, ಮತ್ತೆ ಅದು ಹೊರಗೆ ಬರಲಿಲ್ಲ.

ಹತ್ತೊಂಬತ್ತು ವರ್ಷ ಅಮ್ಮನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು. ಹೋದ ವರ್ಷ ಅಮ್ಮ ತೀರಿಕೊಂಡಳು. ಸಂಸ್ಥೆಯವರು ಐವತ್ತಾರು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ. ಅವಳಿಗೆ ಐವತ್ತೈದು ತುಂಬಿತ್ತು. ಈ ಸಲ ತಪ್ಪಿದರೆ ತಪ್ಪಿದಂತೆಯೇ ಎಂದು ಗೊತ್ತಿದ್ದೇ ಅರ್ಜಿ ಬರೆದಳು.

"ಈ ವಯಸ್ಸಲ್ಲಿ ಬಾಂಬ್ ಬೀಳೋ ಊರೇ ಬೇಕಾ ನಿಂಗೆ?" ಎಂದು ತಂಗಿ ಮುಖ ಊದಿಸಿದಳು.

"ಬೀಳೋದೆಲ್ಲ ಬಿದ್ದಾಗಿದೆ ಕಣೆ. ಈಗ ಕಾಲು ಕೊಡೋರು ಬೇಕಾಗಿರೋದು."

ಸಂದರ್ಶನದಲ್ಲಿ ಮೂವರು ಕೂತಿದ್ದರು. ನಿಮ್ಮಲ್ಲೇನು ವಿಶೇಷ ಎಂದು ಕೇಳಿದಾಗ ಕಾಲಕ್ಕ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟಳು. ಜಂಬವೇನಲ್ಲ, ಸತ್ಯವೇ. ಒಲೆಯಿಂದ ತೆಗೆದ ಪ್ಲಾಸ್ಟಿಕ್ ಹಾಳೆ ಮೆತ್ತಗೆ ಜೋಲುತ್ತಿರುವಾಗಲೇ ಅದನ್ನು ಮೊಂಡುಗಾಲಿನ ಪ್ಲಾಸ್ಟರ್ ಅಚ್ಚಿನ ಮೇಲೆ ಹೊದಿಸಿ ಒತ್ತಬೇಕು. ಹೊಸಬರು ದಪ್ಪ ಕೈಗವುಸು ಹಾಕಿಯೂ ಕುಣಿಯುತ್ತಾರೆ. ಕಾಲಕ್ಕನದು ತೆಳು ನೂಲಿನ ಗವುಸು, ಅದೂ ಬೆರಳ ತುದಿಯಲ್ಲಿ ಹರಿದದ್ದು. ಬಿಸಿ ತಾಗದಂತಾದರೆ ಶೆಡ್ಡಿನವರು 'ಕೈ ಪಳಗಿತು' ಅನ್ನುತ್ತಿದ್ದರು. ಕೈ ಪಳಗಿದವರು ಆ ದಿನ ಎಲ್ಲರಿಗೂ ಟೀ ಕೊಡಿಸಬೇಕು. ಕಾಲಕ್ಕ ಕೊಡಿಸಿ ಹತ್ತು ವರ್ಷವಾಗಿತ್ತು. ಮನೆಗೆ ಹೋದಮೇಲೆ ಬೊಬ್ಬೆ ಕಣ್ಣಿಗೆ ಬಿದ್ದರೆ, ಎಮ್ಮೆ ಚರ್ಮ ನಂದು ಎಂದು ನಗುತ್ತಿದ್ದಳು.

ಮೂವರೂ ಒಪ್ಪಿದರು. ಇನ್ನುಳಿದದ್ದು ವೈದ್ಯಕೀಯ ಪರೀಕ್ಷೆ ಮಾತ್ರ.

ಕಣ್ಣು ಸರಿ, ಎದೆ ಸರಿ, ರಕ್ತವೂ ಸರಿ. ಡಾಕ್ಟರು ಕೊನೆಗೊಂದು ಸಣ್ಣ ನೈಲಾನ್ ದಾರ ತೆಗೆದರು. "ಕಣ್ಣು ಮುಚ್ಕೊಳ್ಳಿ. ಬೆರಳ ತುದಿಗೆ ಇದನ್ನ ತಾಗಿಸ್ತೀನಿ. ತಾಗಿದಾಗೆಲ್ಲ ಹೂಂ ಅನ್ನಿ."

ಕಾಲಕ್ಕ ಕಣ್ಣು ಮುಚ್ಚಿ ಕೂತಳು. ಫ್ಯಾನು ತಿರುಗುತ್ತಿತ್ತು. ಹೊರಗೆ ಯಾರೋ ಕೆಮ್ಮಿದರು. ಡಾಕ್ಟರಿಗೇನೋ ಸಂಕೋಚ ಅಂದುಕೊಂಡು ಅವಳೇ ಧೈರ್ಯ ಹೇಳಿದಳು: "ಶುರು ಮಾಡಿ ಡಾಕ್ಟ್ರೇ, ನಾನೇನು ಹೆದರಲ್ಲ."

"ಹತ್ತು ಬೆರಳೂ ಮುಗೀತಮ್ಮ," ಎಂದರು ಡಾಕ್ಟರು.

ದಪ್ಪ ದಾರ ತೆಗೆದರು, ಆಮೇಲೆ ಪೆನ್ನಿನ ಮುಚ್ಚಳ. ಒಂದೆರಡು ಬೆರಳು ಮಾತ್ರ ಏನೋ ಅಂದವು. ಉಜ್ಜುವ ಯಂತ್ರದ ಅದುರು, ಅಂಟಿನ ಹಬೆ, ಇಷ್ಟು ವರ್ಷದ ಕಾವು, ಎಲ್ಲ ಸೇರಿ ನರ ಸತ್ತಿವೆ ಎಂದು ಅವರು ಮೆಲ್ಲಗೆ ಹೇಳಿದರು.

"ಎಷ್ಟು ವರ್ಷದಿಂದ ಹೀಗೆ?"

"ಕೈ ಪಳಗಿ ಹತ್ತು ವರ್ಷ ಆಯ್ತು," ಎಂದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. ಶೆಡ್ಡಿನಲ್ಲಿ ಅಷ್ಟು ಜನ ಸೇರಿ ಟೀ ಕುಡಿದರಲ್ಲ, ಒಬ್ಬರಿಗಾದರೂ ಇದು ರೋಗವಿರಬಹುದೆಂದು ಹೊಳೆಯಬಾರದಿತ್ತೇ!

"ಮೊಂಡುಗಾಲು ಕೂರೋ ಬಟ್ಟಲಲ್ಲಿ ಒಂದು ತರಿ ಉಳಿದ್ರೂ ಹುಣ್ಣಾಗತ್ತೆ, ಅದು ನಿಮ್ಮ ಬೆರಳಿಗೆ ಸಿಕ್ಕಲ್ಲ. ಅಲ್ಲಿ ರಿಪೇರಿಗೆ ಬರೋಕೆ ಜನ ಎರಡು ದಿನ ದಾರಿ ಸವೆಸಬೇಕು. ನಾನು ಸಹಿ ಹಾಕಲಾರೆ, ಕ್ಷಮಿಸಿ."

ಬಸ್ಸಿನುದ್ದಕ್ಕೂ ಕಾಲಕ್ಕ ಅಳಲಿಲ್ಲ. ಮನೆಯಲ್ಲಿ ಕಾಯುತ್ತಿದ್ದ ತಂಗಿಯನ್ನು ಕಂಡಿದ್ದೇ ತಡ, ಬಾಗಿಲಲ್ಲೇ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತಳು. ತಂಗಿ ನೀರು ತಂದಳು, ಬೆನ್ನು ಸವರಿದಳು. "ಹೋದ್ರೆ ಹೋಗ್ಲಿ ಬಿಡಕ್ಕ. ಇಲ್ಲಿ ನಾನಿಲ್ವಾ?" ಎನ್ನುತ್ತ ಅಕ್ಕನ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು.

ಕಾಲಕ್ಕನ ಅಳು ತಟ್ಟನೆ ನಿಂತಿತು. ತಂಗಿ ಹಿಡಿದ ಬೆರಳುಗಳನ್ನೇ ನೋಡಿದಳು. ಮಾತು ಹೋದ ಅಮ್ಮ ಹೌದು ಅನ್ನಬೇಕಾದಾಗ ಎಡಗೈಯಿಂದ ಕಾಲಕ್ಕನ ಬೆರಳ ತುದಿ ಒತ್ತುತ್ತಿದ್ದಳು. ಹಸಿವಾ, ನೋವಾ, ಕಿಟಕಿ ತೆಗೀಲಾ, ಎಲ್ಲ ಮಾತುಕತೆಯೂ ಅದರಲ್ಲೇ. ವರ್ಷ ಕಳೆದಂತೆ ಆ ಒತ್ತು ಮೆತ್ತಗಾಗುತ್ತ ಬಂತು. ಕೊನೆಯ ಎರಡು ವರ್ಷ ಅದೂ ಇಲ್ಲವಾಯಿತು. ಅಮ್ಮನಿಗೆ ಇನ್ನು ಏನೂ ತಿಳಿಯುವುದಿಲ್ಲ ಎಂದು ಅವಳೇ ಎಲ್ಲರಿಗೂ ಹೇಳಿದ್ದಳು. ಆಮೇಲೆ ಅಮ್ಮನನ್ನು ಯಾರೂ ಏನೂ ಕೇಳಿರಲಿಲ್ಲ.

"ಕೊನೇಲಿ ಅಮ್ಮ ನಿನ್ನ ಕೈ ಒತ್ತುತ್ತಿದ್ಲೇನೆ?" ಎಂದು ಕೇಳಿದಳು.

"ಒತ್ತಿದ ಹಾಗೇ ಅನ್ಸೋದು ಅಕ್ಕ. ಹೋಗೋ ವಾರದವರೆಗೂ."

"ಹೇಳಲಿಲ್ಲ ಯಾಕೆ?"

"ನೀನು ಇಲ್ಲ ಅಂದ್ಯಲ್ಲ. ನಿನ್ನ ಕೈಗೆ ಗೊತ್ತಾಗದ್ದು ನನ್ನ ಕೈಗೇನು ಗೊತ್ತಾಗತ್ತೆ ಅಂದ್ಕೊಂಡು ಸುಮ್ಮನಾದೆ."