ಅತ್ತೆಯ ದವಡೆ ಹಲ್ಲು

ನಮ್ಮ ಯಜಮಾನರು ಪಾಂಡವಪುರದಲ್ಲಿ ಹಲ್ಲಿನ ಡಾಕ್ಟರು. ಮೊದಮೊದಲು ಅವರಿಗೆ ಹೆಸರು ಬಂದದ್ದು ನೋವಾಗದಂತೆ ಹಲ್ಲು ಕೀಳುವುದರಿಂದ. ನಾಗಮಂಗಲ, ಕೆ.ಆರ್.ಪೇಟೆಯಿಂದಲೂ ಜನ ಬರುತ್ತಿದ್ದರು. ಕುರ್ಚಿಯಲ್ಲಿ ಕೂರುವ ಮೊದಲೇ, "ಕಿತ್ತಾಕ್ಬುಡಿ ಸ್ವಾಮಿ, ಮುದ್ದೆ ನುಂಗೋಕೆ ಹಲ್ಲ್ಯಾಕೆ?" ಎನ್ನುತ್ತಿದ್ದರು. ನಮ್ಮ ಕಡೆ ಮುದ್ದೆಯನ್ನು ಯಾರು ತಾನೇ ಅಗಿಯುತ್ತಾರೆ! ಇವರೂ ಕಿತ್ತು ಕಳಿಸುತ್ತಿದ್ದರು.

ಹೊಣಕೆರೆ ಕಡೆಯ ಊರಲ್ಲಿರುವ ಮಾವನವರೂ ಹಾಗೇ ಒಂದೊಂದಾಗಿ ಎಲ್ಲ ಹಲ್ಲನ್ನೂ ಮಗನ ಕೈಲಿ ಕೀಳಿಸಿಕೊಂಡರು. ಕಟ್ಟಿಸಿಕೊಟ್ಟ ಹಲ್ಲಿನ ಸೆಟ್ಟು ಒತ್ತುತ್ತದೆಂದು ಡಬ್ಬಿಯಲ್ಲೇ ಇಟ್ಟರು. ಮುದ್ದೆಗೇನೂ ತೊಂದರೆಯಾಗಲಿಲ್ಲ. ಆದರೆ ಒಂದು ಯುಗಾದಿಗೆ ಹೋದಾಗ, ಎಲ್ಲರೂ ಎಲೆ ಮುಂದೆ ಕೂತರೆ, "ಆಮ್ಯಾಕೆ ಉಣ್ತೀನಿ, ನೀವ್ ಕೂತ್ಕಳಿ" ಎಂದು ಕೊಟ್ಟಿಗೆಗೆ ಹೋದರು. ನಮ್ಮ ಊಟ ಮುಗಿದ ಮೇಲೆ ಅಡುಗೆಮನೆಯಲ್ಲಿ ಒಬ್ಬರೇ ಗೋಡೆಗೆ ಮುಖ ಮಾಡಿ ಉಂಡರು. ಕೋಸಂಬರಿಯನ್ನು ಎಲೆಯ ಅಂಚಿಗೆ ತಳ್ಳಿದ್ದರು. ಯಜಮಾನರು ಬಾಗಿಲಲ್ಲಿ ನಿಂತು ನೋಡಿದರು. ವಾಪಸು ಬರುವಾಗ ಬಸ್ಸಿನಲ್ಲಿ ಆಡಿದ್ದು ಒಂದೇ ಮಾತು: "ಕಿತ್ತೋನು ನಾನೇ."

ಅಲ್ಲಿಂದಾಚೆ ಭಾನುವಾರಗಳಂದು ಮೈಸೂರಿಗೆ ಹೋಗಿ, ಹಿರಿಯ ಡಾಕ್ಟರೊಬ್ಬರ ಪಕ್ಕ ಕೂತು ಹಲ್ಲು ಉಳಿಸುವ ಕೆಲಸವನ್ನು ಮತ್ತೆ ಕಲಿತರು. ಹುಳುಕನ್ನಷ್ಟೇ ಕೆರೆದು ತುಂಬುವುದು, ಬೇರನ್ನು ಶುಚಿ ಮಾಡಿ ಮೇಲೆ ಕ್ಯಾಪು ಹಾಕುವುದು, ಹೀಗೆ. ಕೀಳಿಸಲೆಂದೇ ಬಂದವರು ಕೆಲವರು ಎದ್ದು ಬೇರೆ ಕಡೆ ಹೋದರು. ಆದರೂ ನಮ್ಮ ಮನೆ ನಡೆಯಿತು, ದೇವರ ದಯೆ.

ಆ ದಿನಗಳಲ್ಲೇ ಅತ್ತೆ ಕೆನ್ನೆ ಊದಿಸಿಕೊಂಡು ಬಂದರು. ಎಡಗಡೆ ಅಗಿಯಲು ಅವರಿಗೆ ಉಳಿದಿದ್ದುದು ಆ ನೋಯುವ ದವಡೆ ಹಲ್ಲೊಂದೇ.

"ಕೀಳ್ಲಾ ಮಗ" ಎಂದರು.

"ಕೀಳಲ್ಲ ಕಣವ್ವ. ರೂಟ್ ಕೆನಾಲ್ ಮಾಡ್ತೀನಿ."

"ಕೆ.ಆರ್.ಎಸ್. ನೀರಿಗೆ ಕೆನಾಲ್ ತೋಡಿರಾದು ಕಂಡಿವ್ನಿ, ಬಾಯಿಗೂ ತೋಡ್ತಾರಾ? ನಿಮ್ಮಪ್ಪಂಗೆ ಕಿತ್ತ್ಯಲ್ಲ, ನಂಗ್ಯಾಕಿಲ್ಲ?"

"ಅಪ್ಪ ಒಬ್ರೇ ಕೂತ್ಕಂಡು ಉಣ್ಣೋದ ನೀನ್ ಕಂಡಿಲ್ವಾ?"

ಅತ್ತೆ ಕುರ್ಚಿಗೆ ಒರಗಿ ಬಾಯಿ ತೆಗೆದರು.

ಮೊದಲ ದಿನ ಒಳಗಿನ ನರ ತೆಗೆದು, ಔಷಧಿ ಇಟ್ಟು, ಮುಂದಿನ ವಾರದವರೆಗೆ ಇರಲೆಂದು ತಾತ್ಕಾಲಿಕವಾಗಿ ಮುಚ್ಚಿ ಕಳಿಸಿದರು. ನಾನು ಅತ್ತೆಯ ನೋವು ಹೋದರೆ ಕರಿಘಟ್ಟದ ಸ್ವಾಮಿಗೆ ತುಪ್ಪದ ದೀಪ ಹಚ್ಚುತ್ತೇನೆಂದು ಹರಕೆ ಹೊತ್ತೆ. ಮುಂದಿನ ವಾರ ಅತ್ತೆ ಬರಲೇ ಇಲ್ಲ. ಫೋನು ಮಾಡಿದೆ.

"ನೋವು ಓಯ್ತು ಕಣವ್ವ. ದ್ಯಾವ್ರು ಕಣ್ಬುಟ್ಟ. ಇನ್ಯಾಕೆ ಬರ್ಲಿ? ಇಲ್ಲಿ ಆಲು ಕರೆಯೋರ್ಯಾರು?"

ಹರಕೆ ಹೊತ್ತವಳಲ್ಲವೇ, ನನಗೂ ಹಾಗೇ ಅನ್ನಿಸಿತ್ತು. ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು. "ನರ ಇಲ್ಲ, ಅದಕ್ಕೆ ನೋವಿಲ್ಲ. ಹಿಂಗೇ ಬಿಟ್ರೆ ಹಲ್ಲು ಸೀಳಿ ಹೋಗುತ್ತೆ, ಆಮೇಲೆ ಕೀಳ್ಲೇಬೇಕು. ಎಲ್ಲಾರೂ ಇಷ್ಟೇ. ನೋವು ಹೋದ್ರೆ ಯಾರೂ ತಿರುಗಿ ಬರಲ್ಲ."

ಮಾರನೆಯ ದಿನ ಕ್ಲಿನಿಕ್ಕಿಗೆ ಬೀಗ ಹಾಕಿ ಇಬ್ಬರೂ ಊರಿಗೆ ಹೋದೆವು. "ಹಾಲು ನಾನು ಕರೀತೀನಿ ಅತ್ತೆ. ನೋವು ತೆಗೆದ ದೇವರು ಹಲ್ಲು ಉಳಿಸೋದನ್ನ ನಿಮ್ಮ ಮಗನಿಗೆ ಬಿಟ್ಟಿದ್ದಾನೆ, ಹೊರಡಿ" ಎಂದೆ. ಅತ್ತೆ ಗೊಣಗುತ್ತಲೇ ಸೀರೆ ಬದಲಿಸಿದರು. ಕ್ಲಿನಿಕ್ಕಿನಲ್ಲಿ ತೆರೆದು ನೋಡಿದರೆ ಹೊತ್ತು ಮೀರಿರಲಿಲ್ಲ, ಹಲ್ಲು ಗಟ್ಟಿಯಾಗಿಯೇ ಇತ್ತು. ಹೀಗೆ ಜನರನ್ನು ಕರೆದು ತರುವುದೂ ಚಿಕಿತ್ಸೆಯೇ ಎಂದು ಯಜಮಾನರಿಗೆ ತಿಳಿದದ್ದು ಆಗ. ಈಗ ಅರ್ಧಕ್ಕೆ ಬಿಟ್ಟವರಿಗೆಲ್ಲ ತಾವೇ ಫೋನು ಮಾಡುತ್ತಾರೆ.

ಕ್ಯಾಪು ಹಾಕುವ ದಿನ ಬೆಳಗಿನ ಹಾಲು ಕರೆದಿಟ್ಟು ಬಂದು ನಾನೂ ಪಕ್ಕದಲ್ಲಿದ್ದೆ. ಯಜಮಾನರು ಕ್ಯಾಪು ಎಲ್ಲಿ ತಗಲುತ್ತದೆಂದು ಬಣ್ಣದ ಕಾಗದ ಕಚ್ಚಿಸಿ ನೋಡಿದರು.

"ಎತ್ರ ಅದೆ ಕಣ್ಲಾ" ಎಂದರು ಅತ್ತೆ.

ಕ್ಯಾಪನ್ನು ಉಜ್ಜಿ ತಗ್ಗಿಸಿದರು.

"ಇನ್ನೂ ಕಲ್ಲು ಸಿಕ್ದಂಗದೆ."

ಮತ್ತೆ ಉಜ್ಜಿದರು, ಅವಸರವಿಲ್ಲದೆ. ಅತ್ತೆ ಕಣ್ಣು ಮುಚ್ಚಿ, ಕಟಕಟನೆ ಹಲ್ಲು ಕೂಡಿಸಿ, "ಈಗ ನಂದೇ ಅನ್ನಿಸ್ತದೆ" ಎಂದರು.

"ಇನ್ನೊಂದ್ಸಲ ಕಚ್ಚವ್ವ" ಎಂದರು ಯಜಮಾನರು, ನೋಡಬೇಕಾದ್ದೇನೂ ಉಳಿದಿರದಿದ್ದರೂ. ಅತ್ತೆ ಕಚ್ಚಿ ತೋರಿಸಿದರು.