ಇಲ್ಲದ ಮಲೇರಿಯಾವನ್ನು ಬರೆಯದ ಝುಬೇದಾ

ಮಕ್ಕಳಿಗೆ ಮೈ ಬಿಸಿಯಾದರೆ ಸಾಕು, ಮಲೇರಿಯಾ ಎಂದೇ ನಂಬುತ್ತಿದ್ದ ನಮ್ಮ ಟಾಂಗಾ ಕರಾವಳಿಯಲ್ಲಿ, ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನಷ್ಟೇ ಬರೆಯುವ ಎದೆಗಾರಿಕೆಗೆ ಹೆಸರಾದವರು ಶ್ರೀಮತಿ ಝುಬೇದಾ ಶೆಮ್ದೋಯೆ. ಕಿಜಿವೇನಿ ಆರೋಗ್ಯ ಕೇಂದ್ರದ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ದುಡಿದು ಈಗ ನಿವೃತ್ತರಾಗುತ್ತಿದ್ದಾರೆ.

ಈ ಎದೆಗಾರಿಕೆ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಸೇವೆಗೆ ಸೇರಿದ ಹೊಸದರಲ್ಲಿ ಮೇಲಧಿಕಾರಿಯ ಮಾತಿಗೆ ಮಣಿದು, ರಕ್ತದಲ್ಲಿ ಏನೂ ಕಾಣದಿದ್ದರೂ ಒಂದು ಮಗುವಿನ ಚೀಟಿಯಲ್ಲಿ ಮಲೇರಿಯಾ ಎಂದು ಬರೆದಿದ್ದರು. ಆ ಮಗು ಉಳಿಯಲಿಲ್ಲ. ಅದನ್ನು ಅವರು ಯಾರಿಂದಲೂ ಮುಚ್ಚಿಟ್ಟವರಲ್ಲ.

ಮುಂದೊಂದು ಮಳೆಗಾಲ, ಮೀನು ಕರಿದು ಮಾರುವ ಮ್ವಾನೈದಿ ಜ್ವರದಿಂದ ಸುಡುತ್ತಿದ್ದ ತನ್ನ ಆರು ವರ್ಷದ ಮಗಳು ತಾತುವನ್ನು ಹೊತ್ತು ತಂದಳು. ಆಗಷ್ಟೇ ಬಂದಿದ್ದ ತರುಣ ವೈದ್ಯ ಕಿಮ್ವೇರಿಯವರಿಗೆ ಮಲೇರಿಯಾ ಇಲ್ಲವೆಂದ ಪ್ರಯೋಗಾಲಯದ ಚೀಟಿ ಹಿಡಿಸಲಿಲ್ಲ.

"ಅಕ್ಕಾ, ಇನ್ನೊಂದ್ಸಲ ನೋಡಿ. ಈ ಮಳೇಲಿ ಮಲೇರಿಯಾ ಅಲ್ದೆ ಇನ್ನೇನಿರುತ್ತೆ?"

"ಮೂರು ಸಲ ನೋಡ್ದೆ ಡಾಕ್ಟ್ರೇ. ಇಲ್ಲದ ಹುಳಾನ ಮನೆಯಿಂದ ತಂದು ಬಿಡ್ಲಾ?"

ಆದರೂ ಕಿಮ್ವೇರಿ ಮಲೇರಿಯಾ ಮಾತ್ರೆಯನ್ನೇ ಕೊಟ್ಟರು. ಎರಡು ದಿನ ಕಳೆದು ಜ್ವರ ಬಿಟ್ಟಿತು. ಮ್ವಾನೈದಿಯ ಮುಖ ಅರಳಿತು.

"ಮಾತ್ರೆ ನಾಟ್ತು ನೋಡಕ್ಕಾ! ಇನ್ನು ಮನೆಗೆ ಕರ್ಕೊಂಡು ಹೋಗ್ತೀನಿ."

ಝುಬೇದಾ ಮಗುವಿನ ಕೈ ಹಿಡಿದರು. ಬೆರಳು ತಣ್ಣಗಿದ್ದವು, ತೋಳಿನ ತುಂಬ ಕೆಂಪು ಚುಕ್ಕೆ. ಮಗು ಹೊಟ್ಟೆ ಹಿಡಿದುಕೊಂಡೇ ಇತ್ತು. ದಾರ್ ಎಸ್ ಸಲಾಮ್‌ನ ತರಬೇತಿಯಲ್ಲಿ ಕಲಿತದ್ದು ನೆನಪಾಯಿತು. ಮತ್ತೆ ರಕ್ತ ತೆಗೆದು ನೋಡಿದರೆ ಅದು ನೀರಿನಂಶ ಕಳೆದುಕೊಂಡು ಮಂದವಾಗುತ್ತಿತ್ತು, ಪ್ಲೇಟ್‌ಲೆಟ್ ಕುಸಿದಿತ್ತು. ನೇರ ವೈದ್ಯರ ಕೋಣೆಗೆ ನಡೆದರು.

"ಡೆಂಗಿ ಇರ್ಬೇಕು ಡಾಕ್ಟ್ರೇ. ಜ್ವರ ಬಿಟ್ಟ ಮೇಲೇ ಅದು ಜೀವಕ್ಕೆ ಅಪಾಯ ತರೋದು. ಕಳಿಸ್ಬೇಡಿ."

ಕಿಮ್ವೇರಿ ಚೀಟಿಯನ್ನು ನೋಡಿದರು, ಝುಬೇದಾರನ್ನು ನೋಡಿದರು, ಎದ್ದು ನಿಂತರು. "ಹಾಸಿಗೆ ಕೊಡಿ, ಸಲೈನ್ ಏರ್ಸಿ. ಅಕ್ಕಾ, ನೀವು ಜೊತೇಲಿರಿ."

ಒಂದೂವರೆ ದಿನ ಝುಬೇದಾ ಮನೆಯ ಮುಖ ನೋಡಲಿಲ್ಲ. ಗಳಿಗೆಗೊಮ್ಮೆ ನಾಡಿ ಹಿಡಿದರು, ರಕ್ತ ಪರೀಕ್ಷಿಸಿದರು, ಅಳುವ ತಾಯಿಗೆ ಚಹಾ ಕುಡಿಸಿದರು. ಮರುದಿನ ಸಂಜೆ ತಾತು ಕಣ್ಣು ಬಿಟ್ಟು ಗಂಜಿ ಕೇಳಿದಳು.

ನಗರದ ಪ್ರಯೋಗಾಲಯಕ್ಕೆ ಕಳುಹಿಸಿದ್ದ ತಾತುವಿನ ರಕ್ತಕ್ಕೆ ಡೆಂಗಿ ಎಂದೇ ಉತ್ತರ ಬಂತು. ಜ್ವರವಿದ್ದೂ ಮಲೇರಿಯಾ ಕಾಣದ ಮಕ್ಕಳ ರಕ್ತವನ್ನೂ ಝುಬೇದಾ ಜೋಪಾನವಾಗಿ ಕಾದಿಟ್ಟು ಕಳುಹಿಸಿದ್ದರು; ಅವರಲ್ಲಿ ಹನ್ನೊಂದು ಮಕ್ಕಳ ರಕ್ತದಲ್ಲಿ ಡೆಂಗಿ, ಬೇರೆ ಮೂವರಲ್ಲಿ ಚಿಕುನ್‌ಗುನ್ಯಾ ಕಂಡುಬಂದವು. ಆ ಎಲ್ಲರೂ ಅದುವರೆಗೆ ನುಂಗಿದ್ದು ಮಲೇರಿಯಾ ಮಾತ್ರೆ! ಕಿಮ್ವೇರಿಯವರು ಎಲ್ಲರೆದುರು, "ತಪ್ಪು ನಂದೇ" ಎಂದರು. ಅಂದಿನಿಂದ ಕಿಜಿವೇನಿಯಲ್ಲಿ ಪರೀಕ್ಷೆಯ ಮಾತು ಮೀರಿ ಯಾರೂ ಮಲೇರಿಯಾ ಮಾತ್ರೆ ಬರೆದಿಲ್ಲ.

ನಿವೃತ್ತಿಯ ಬಳಿಕವೂ ಹೊಸಬರಿಗೆ ಕಲಿಸಲು ಬರಬೇಕೆಂದು ನಾವು ಬೇಡಿಕೊಂಡಾಗ ಅವರು ಒಪ್ಪಿದರು, ಒಂದು ಷರತ್ತಿನ ಮೇಲೆ: "ಗೊತ್ತಿಲ್ಲ ಅಂತ ಬರೆಯೋಕೆ ನಾಚ್ಕೊಳ್ಳೋರನ್ನ ಮಾತ್ರ ನನ್ ಹತ್ರ ಕಳಿಸ್ಬೇಡಿ." ಅಂಥ ಗುರು ನೂರು ಮಳೆಗಾಲ ಕಾಣಲಿ, ಅವರ ಕೈಯಲ್ಲಿ ಪಳಗಿದವರು ಈ ಕರಾವಳಿಯ ಊರೂರಿಗೂ ದೊರೆಯಲಿ.